ಕೊಟ್ಟಿಗೆಯ ಮಾಡು ಎಷ್ಟು ಡಿಗ್ರಿ?

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ಆಗುಂಬೆ ಮಳೆ ಅಂದರೆ ಸುಮ್ನೆ ಅಲ್ಲ, ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ. ಹೋದ ಮಳೆಗಾಲ ಪೂರ್ತಿ ನಮ್ಮ ಕೊಟ್ಟಿಗೆ ಸೋರಿತು. ಹಂಚು ಹೊಸದು, ಒಂದೂ ಒಡೆದಿರಲಿಲ್ಲ. ಆಚಾರಿ ಕೆಳಗೆ ನಿಂತೇ ಹೇಳಿದರು: "ಮೇಷ್ಟ್ರೇ, ಇದು ಹನ್ನೆರಡಕ್ಕೆ ಮೂರು. ಇಳಿಜಾರು ಸಾಲದು. ಗಾಳಿ ಬೀಸಿದ್ರೆ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ಹತ್ತುತ್ತೆ."

ಲೆಕ್ಕದ ಮೇಷ್ಟ್ರ ಕೊಟ್ಟಿಗೆ! ಎಮ್ಮೆಗೂ ನಾಚಿಕೆಯಾಗಿರಬೇಕು.

ಹನ್ನೆರಡಕ್ಕೆ ಮೂರು ಅಂದರೆ, ಅಡ್ಡಕ್ಕೆ 12 ಅಡಿ ಹೋಗುವಷ್ಟರಲ್ಲಿ ಮಾಡು 3 ಅಡಿ ಏರುತ್ತದೆ. ಅಡ್ಡ ಒಂದು ಗೆರೆ. ನೆತ್ತಿಯಿಂದ ಗುಂಡು ಕಟ್ಟಿ ಇಳಿಬಿಟ್ಟ ದಾರ ಇನ್ನೊಂದು. ನೆತ್ತಿಯಿಂದ ಗೋಡೆಗೆ ಓರೆಯಾಗಿ ಇಳಿಯುವ ಮರ, ಅಂದರೆ ಪಕಾಸಿ, ಮೂರನೆಯದು. ಲಂಬಕೋನ ತ್ರಿಭುಜ ಆಯ್ತು, ಅಲ್ವಾ?

ನಮಗೆ ಬೇಕಾದದ್ದು ಗೋಡೆಯ ಹತ್ತಿರದ ಕೋನ. ಅದರ ಎದುರಿನ ಬಾಹು 3, ಪಕ್ಕದ್ದು 12. ಎದುರಿನದನ್ನು ಪಕ್ಕದ್ದರಿಂದ ಭಾಗಿಸಿದರೆ ಬರುವುದೇ ಟ್ಯಾನ್, ಇಲ್ಲಿ 0.25. ಯಾವ ಕೋನದ ಟ್ಯಾನ್ 0.25? ನಮ್ಮ ಕಾಲದಲ್ಲಿ ಲಾಗ್ ಪುಸ್ತಕದ ಕೋಷ್ಟಕದ ಮೇಲೆ ಬೆರಳಿಟ್ಟು ಹುಡುಕುತ್ತಿದ್ದೆವು. ಈಗ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ, ತಲೆಯ ಮೇಲೆ ಪುಟ್ಟದಾಗಿ ಮೈನಸ್ ಒಂದು ಹೊತ್ತಿರುವ ಟ್ಯಾನ್ ಗುಂಡಿ ಒತ್ತಿದರೆ ಸಾಕು. 14 ಡಿಗ್ರಿ. ಆದರೆ ಕ್ಯಾಲ್ಕುಲೇಟರು ರೇಡಿಯನ್ನಿನಲ್ಲಿದ್ದರೆ (ಅದು ಕೋನ ಅಳೆಯುವ ಇನ್ನೊಂದು ಮಾನ) 0.245 ಅಂತ ತೋರಿಸುತ್ತದೆ. ಗಾಬರಿಯಾಗಬೇಡಿ, ಡಿಗ್ರಿಗೆ ತಿರುಗಿಸಿ.

ಆಚಾರಿ ಹನ್ನೆರಡಕ್ಕೆ ಏಳು ಇಡೋಣ ಅಂದರು. 7 ಭಾಗಿಸು 12, ಅಂದರೆ 0.583. ಕೋನ 30 ಡಿಗ್ರಿಗಿಂತ ಚೂರು ಹೆಚ್ಚು. ಹುಲ್ಲಿನ ರಾಶಿ ಅಡ್ಡ ಬಂದು ಕೆಳಗೆ ಟೇಪು ಹಿಡಿಯಲು ಆಗದಿದ್ದರೆ ಪಕಾಸಿಯನ್ನೇ ಅಳೆಯಬಹುದು. ಅದು 13.9 ಅಡಿ. ಅದೇ ವಿಕರ್ಣ. ಎತ್ತರವನ್ನು ಅದರಿಂದ ಭಾಗಿಸಿದರೆ ಸೈನ್. ಅಡ್ಡಳತೆಯನ್ನು ಭಾಗಿಸಿದರೆ ಕೊಸೈನ್. ಯಾವ ದಾರಿ ಹಿಡಿದರೂ ಅದೇ 30 ಚಿಲ್ಲರೆ.

ಮಕ್ಕಳು 12ನ್ನು 7ರಿಂದ ಭಾಗಿಸಿಬಿಡುತ್ತಾರೆ. ಆಗ 60ಕ್ಕೆ ಚೂರು ಕಡಿಮೆ ಬರುತ್ತದೆ. ಅದೂ ಸುಳ್ಳಲ್ಲ, ನೆತ್ತಿಯ ಕೋನ ಅದು. ಪಕಾಸಿಯ ತಲೆಯನ್ನು ಆಚಾರಿ ಕೊಯ್ಯುವುದು ಆ ಕೋನಕ್ಕೇ.

ಅವರು ಡಿಗ್ರಿ ಕೇಳಲೇ ಇಲ್ಲ. ಮೂಲೆಮಟ್ಟ ಇಟ್ಟು, ಒಂದು ಕಡೆ 7, ಇನ್ನೊಂದು ಕಡೆ 12 ಗುರುತು ಮಾಡಿ, ಗೆರೆ ಎಳೆದು ಗರಗಸ ಹಿಡಿದರು. ನಾನು ಮೊಬೈಲು ಜೇಬಿಗಿಟ್ಟು ರೀಪು ಎತ್ತಿಕೊಡಲು ಹೋದೆ.

ನಮಸ್ಕಾರ.