ಬುಧವಾರದ ಮಗುವಿಗೆ ದುಃಖವನ್ನು ಬರೆದವರು ಯಾರು?

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಅಕ್ಕನ ಮಗಳಿಗೆ ಈಗ 7 ವರ್ಷ. ವಿಡಿಯೊ ಕರೆಯಲ್ಲಿ ಪ್ರತಿಸಲವೂ ತಾನು ಬರೆದ ಚಿತ್ರಗಳನ್ನು ತೋರಿಸುವ ಹುಡುಗಿ ಕಳೆದ ತಿಂಗಳು ಬರಿಗೈಯಲ್ಲಿ ಕುಳಿತಿದ್ದಳು. "ಮಾಮ, ನಾನು ಹುಟ್ಟಿದ್ದು ಬುಧವಾರವಂತೆ. ದೊಡ್ಡವಳಾದ ಮೇಲೆ ನಾನು ತುಂಬಾ ಅಳಬೇಕಾ?" ಎಂದು ಕೇಳಿದಳು.

ಅವಳನ್ನು ಕಾಡಿದ್ದು ಒಂದು ಹಳೆಯ ಇಂಗ್ಲಿಷ್ ಶಿಶುಗೀತೆ. ಸೋಮವಾರ ಹುಟ್ಟಿದ ಮಗು ಮುಖದ ಚೆಲುವಿನದು, ಮಂಗಳವಾರದ್ದು ನಯ ತುಂಬಿದ್ದು, ಬುಧವಾರದ್ದು ದುಃಖ ತುಂಬಿದ್ದು, ಗುರುವಾರದ ಮಗು ಬಹುದೂರ ಸಾಗಬೇಕು, ಶುಕ್ರವಾರದ್ದು ಪ್ರೀತಿಸುವ, ಕೊಡುವ ಮಗು, ಶನಿವಾರದ್ದು ಹೊಟ್ಟೆಪಾಡಿಗೆ ದುಡಿದು ದಣಿಯಬೇಕು ಎಂದು ಹೇಳುತ್ತಾ ಹೋಗಿ, ಕೊನೆಗೆ ಭಾನುವಾರದ ಮಗುವಿಗೆ ಎಲ್ಲ ಒಳ್ಳೆಯದನ್ನೂ ಕೊಟ್ಟುಬಿಡುತ್ತದೆ. ಡೆವನ್ ಪ್ರಾಂತ್ಯದ ಜನಪದ ನಂಬಿಕೆಗಳನ್ನು ಸಂಗ್ರಹಿಸಿದ ಆನಾ ಎಲಿಜಾ ಬ್ರೇ 1838ರಲ್ಲಿ ಇದನ್ನು ಅಚ್ಚಿಗೆ ತಂದರು. ನಂಬಿಕೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಹುಟ್ಟಿದ ವಾರ ನೋಡಿ ಮಕ್ಕಳ ಅದೃಷ್ಟ ಹೇಳುತ್ತಿದ್ದ ಸಫೋಕ್ ಸೀಮೆಯ ಹಿರಿಯ ಹೆಂಗಸರನ್ನು 16ನೆಯ ಶತಮಾನದ ಲೇಖಕ ಥಾಮಸ್ ನ್ಯಾಶ್ ನೆನಪಿಸಿಕೊಂಡಿದ್ದಾನೆ.

ಈ ಹಣೆಬರಹ ಎಷ್ಟು ಸಡಿಲವಾದದ್ದು ಎಂಬುದಕ್ಕೆ ಗೀತೆಯೇ ಸಾಕ್ಷಿ. 1887ರಲ್ಲಿ ಅಮೆರಿಕದ ಒಂದು ವಾರಪತ್ರಿಕೆಯಲ್ಲಿ ಬಂದ ಗೀತೆಯ ಇನ್ನೊಂದು ಪಾಠದಲ್ಲಿ ದುಃಖ ಶುಕ್ರವಾರದ ಪಾಲಾಗಿದೆ, ಪ್ರೀತಿ ಬುಧವಾರಕ್ಕೆ ಬಂದಿದೆ. ಯೇಸುವನ್ನು ಶಿಲುಬೆಗೇರಿಸಿದ ದಿನವೆಂದು ಕ್ರೈಸ್ತರಲ್ಲಿ ಶುಕ್ರವಾರದ ಬಗ್ಗೆ ಇದ್ದ ಅಳುಕು ಇದಕ್ಕೆ ಕಾರಣವಾಗಿರಬಹುದು. ಇನ್ನು ಇಂದಿನ ಆಸ್ಪತ್ರೆಗಳಲ್ಲಿ ಮುಂಚೆಯೇ ನಿಗದಿಯಾದ ಸಿಸೇರಿಯನ್‌ಗಳು ಹೆಚ್ಚಾಗಿ ವಾರದ ಕೆಲಸದ ದಿನಗಳಲ್ಲೇ ನಡೆಯುವುದರಿಂದ, ಶನಿವಾರ ಭಾನುವಾರ ಹುಟ್ಟುವ ಮಕ್ಕಳೇ ಕಡಿಮೆ. 2025ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 1,100 ಕುಟುಂಬಗಳ ಅವಳಿ ಮಕ್ಕಳ ಬಗ್ಗೆ, ಅವರ 5ನೆಯ ವಯಸ್ಸಿನಿಂದ 18ರವರೆಗೆ ಕಲೆಹಾಕಿದ್ದ ಮಾಹಿತಿಯನ್ನು ಪರಿಶೀಲಿಸಿದಾಗ, ಹುಟ್ಟಿದ ವಾರಕ್ಕೂ ಮಕ್ಕಳ ಸ್ವಭಾವಕ್ಕೂ ಯಾವ ನಂಟೂ ಕಾಣಲಿಲ್ಲ.

ಹಾಗಾದರೆ ಹಾಡಿಕೊಳ್ಳಲಿ ಬಿಡಿ, ಅದರಿಂದ ಏನು ನಷ್ಟ ಎಂದು ನೀವು ಕೇಳಬಹುದು. ನನ್ನ ತಕರಾರು ಇರುವುದು ಇಲ್ಲೇ, ಅದಕ್ಕಾಗಿ ಘಾನಾ ದೇಶದ ಕಡೆ ನೋಡಬೇಕು. ಅಲ್ಲಿನ ಅಕಾನ್ ಜನರು ಹುಟ್ಟಿದ ವಾರದ ಹೆಸರನ್ನೇ ಮಗುವಿಗೆ ಇಡುತ್ತಾರೆ; ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರ ಹೆಸರಿನಲ್ಲಿರುವ ಕೋಫಿ ಎಂದರೆ ಶುಕ್ರವಾರ ಹುಟ್ಟಿದವನು. ಸೋಮವಾರದ ಕ್ವಾಡ್ವೊ ಶಾಂತ, ಬುಧವಾರದ ಕ್ವಾಕು ಮುಂಗೋಪಿ ಎಂಬುದು ಅಕಾನರ ನಾಡುಗಳಲ್ಲೊಂದಾದ ಅಶಾಂತಿ ಎಂಬ ಹೆಸರಿನ ಸೀಮೆಯ ನಂಬಿಕೆಯಾಗಿತ್ತು. ಮನಶ್ಶಾಸ್ತ್ರಜ್ಞ ಗುಸ್ತಾವ್ ಯಾಹೋಡಾ ಆ ಸೀಮೆಯ ಕುಮಾಸಿ ನಗರದ ಬಾಲಾಪರಾಧಿ ನ್ಯಾಯಾಲಯದ ದಾಖಲೆಗಳನ್ನು ತೆಗೆದು ನೋಡಿ 1954ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹೊಡೆದಾಟ ಬಡಿದಾಟದಂಥ ಪ್ರಕರಣಗಳಲ್ಲಿ ಬುಧವಾರದ ಹುಡುಗರು ಹೆಚ್ಚಾಗಿದ್ದರು, ಸೋಮವಾರದವರು ದಾಖಲೆಗಳಲ್ಲೇ ಕಡಿಮೆಯಿದ್ದರು. ಬುಧವಾರದ ಬೆಳಗಿನಲ್ಲಿ ಕೋಪವೇನೂ ಅಡಗಿರುವುದಿಲ್ಲ. ಆದರೆ ತೊಟ್ಟಿಲಿನಿಂದಲೇ ಕ್ವಾಕು ಎಂದು ಕರೆಸಿಕೊಳ್ಳುವ, ಸಣ್ಣ ಜಗಳಕ್ಕೂ "ಇವನು ಕ್ವಾಕು ಅಲ್ಲವೇ" ಎಂಬ ನೋಟವನ್ನು ಎದುರಿಸುವ ಹುಡುಗ, ಕೊನೆಗೆ ಆ ಹೆಸರಿನ ಸ್ವಭಾವವನ್ನೇ ತನ್ನದೆಂದು ಒಪ್ಪಿಕೊಂಡರೆ ತಪ್ಪು ಯಾರದು? ನಂಬಿಕೆಯೇ ಸ್ವಭಾವವನ್ನು ತಿದ್ದಿರಬಹುದು ಎಂಬ ತೀರ್ಮಾನವನ್ನು ಯಾಹೋಡಾ ಎಚ್ಚರಿಕೆಯಿಂದಲೇ ಮುಂದಿಟ್ಟರು, ನನಗಂತೂ ಅದು ಮನಸ್ಸಿಗೆ ನಾಟಿದೆ.

ಇಂಗ್ಲೆಂಡಿನಲ್ಲಿ ಈ ಗೀತೆಯನ್ನು ಹಾಡಿ ಮರೆಯುವವರೇ ಹೆಚ್ಚು, ಆದ್ದರಿಂದ ಅಲ್ಲಿ ಅದರ ಗುರುತು ಕಾಣದಿರುವುದು ಸಹಜ. ದಿನದಿನವೂ ಹೇಳಿ, ನಂಬಿ, ನಡೆಸಿಕೊಳ್ಳುವಾಗ ಮಾತು ಗುರುತು ಮಾಡುತ್ತದೆ. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹೆಣ್ಣು ಮಾವನಿಗೆ ಆಗುವುದಿಲ್ಲವೆಂದು ಜಾತಕ ಹಿಂದಿರುಗಿಸುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ಮಗಳ ನಕ್ಷತ್ರ ಕೇಳಿದೊಡನೆ ತಾಯಿಯ ದನಿ ತಗ್ಗುವುದನ್ನು ನಾನು ಹತ್ತಿರದಿಂದ ಕೇಳಿದ್ದೇನೆ. ಮಗು ತಾನು ಯಾರೆಂದು ತೋರಿಸಿಕೊಡುವ ಮೊದಲೇ, ಅದು ಇಂಥದೆಂದು ಹೇಳುವ ಹಕ್ಕು ನಮಗಿಲ್ಲ.

ಅಕ್ಕನ ಮಗಳಿಗೆ ನಾನು 1887ರ ಪಾಠವನ್ನು ಓದಿ ಹೇಳಿದೆ. ಅದರಲ್ಲಿ ಬುಧವಾರದ ಮಗು ಎಲ್ಲರನ್ನೂ ಪ್ರೀತಿಸುವ ಮಗು ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ಎರಡೂ ನಿಜ ಅಲ್ಲ ಅಲ್ವಾ ಮಾಮ?" ಎಂದಳು. ಅಲ್ಲ ಎಂದೆ. ಒಳಗೆ ಓಡಿಹೋಗಿ ತನ್ನ ಚಿತ್ರದ ಪುಸ್ತಕ ತಂದಳು.