ಗೆದ್ದ ಮೇಲೂ ವೆಂಕಟರಮಣ

ಕೇಳುಗರಿಗೆ ನಮಸ್ಕಾರ.

‘ಸಂಕಟ ಬಂದಾಗ ವೆಂಕಟರಮಣ’ ಎನ್ನುವ ಮಾತನ್ನು ನಾವು ಹೆಚ್ಚಾಗಿ ಮೂದಲಿಸುವುದಕ್ಕೇ ಬಳಸುತ್ತೇವೆ. ಮೂದಲಿಕೆಯಲ್ಲಿ ಹುರುಳಿಲ್ಲದಿಲ್ಲ. ನಾನು ಹತ್ತನೆಯ ತರಗತಿ ಪಾಸಾಗಲೆಂದು ನಮ್ಮ ತಾಯಿ ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದರು. ನಾನು ಪಾಸಾದೆ, ಗಂಟು ಅಲ್ಲೇ ಉಳಿಯಿತು. ಎಷ್ಟೋ ವರ್ಷಗಳ ಮೇಲೆ ಬಿಚ್ಚಿ ನೋಡಿದರೆ, ಒಳಗಿದ್ದ ನಾಲ್ಕಾಣೆಗಳು ಚಲಾವಣೆಯನ್ನೇ ಕಳೆದುಕೊಂಡಿದ್ದವು.

ಈ ಲೆಕ್ಕವನ್ನು ತಡಮಾಡದೆ ಚುಕ್ತಾ ಮಾಡಿದ ಅರಸನೊಬ್ಬನಿದ್ದ, ವಿಜಯನಗರದ ಕೃಷ್ಣದೇವರಾಯ. ಒಡಿಶಾದ ಗಜಪತಿಗಳ ವಶದಲ್ಲಿದ್ದ ಉದಯಗಿರಿಗೆ ಅವನು ಮುತ್ತಿಗೆ ಹಾಕಿದ. ಬೆಟ್ಟದ ಮೇಲಿನ ಕೋಟೆ. ಬೀಳುವುದಕ್ಕೆ ಸುಮಾರು ಒಂದೂವರೆ ವರ್ಷ ಹಿಡಿಯಿತು. 1513ರಲ್ಲೇ ರಾಯ ಮೂರು ಸಲ ತಿರುಮಲೆಗೆ ಹೋಗಿದ್ದನೆಂದು ಶಾಸನಗಳು ಹೇಳುತ್ತವೆ. ಅದು ಸಂಕಟದ ವೆಂಕಟರಮಣನೇ, ಒಪ್ಪಿಕೊಳ್ಳೋಣ. ಆದರೆ ಕೋಟೆ ಕೈಸೇರಿದ ಮೇಲೆ, 1514ರ ಜುಲೈನಲ್ಲಿ, ಇಬ್ಬರು ರಾಣಿಯರೊಂದಿಗೆ ಅವನು ಮತ್ತೆ ಅದೇ ಬೆಟ್ಟ ಹತ್ತಿದ. 30,000 ಚಿನ್ನದ ನಾಣ್ಯಗಳಿಂದ ದೇವರಿಗೆ ಕನಕಾಭಿಷೇಕ ಮಾಡಿಸಿ ಅದನ್ನು ಕಲ್ಲಿನಲ್ಲಿ ಬರೆಸಿದ.

ದಂಡಯಾತ್ರೆ ಮುಂದುವರಿದು, 1516ರಲ್ಲಿ ಸಿಂಹಾಚಲದ ನರಸಿಂಹನಿಗೆ ಒಂದು ಮುತ್ತಿನ ಸರವನ್ನು ಒಪ್ಪಿಸಿದ. ಅದರಲ್ಲಿ 991 ಮುತ್ತುಗಳು. ಸಾವಿರವೆಂದು ಬರೆಸಿದ್ದರೆ ಕೇಳುವವರು ಯಾರಿದ್ದರು? ಬರೆಸಲಿಲ್ಲ. ದೇವರೊಂದಿಗಿನ ವ್ಯವಹಾರದಲ್ಲಿ ಈ ಶಾನುಭೋಗತನ ನನಗೆ ಬಹಳ ಹಿಡಿಸುತ್ತದೆ.

ಹಿಡಿಸದ ಒಂದು ಸಂಗತಿಯೂ ಇದೆ. ಉದಯಗಿರಿಯಿಂದ ಬಾಲಕೃಷ್ಣನ ವಿಗ್ರಹವನ್ನು ಹಂಪಿಗೆ ತಂದು, ಹೊಸ ಗುಡಿ ಕಟ್ಟಿಸಿ, 1515ರ ಫೆಬ್ರುವರಿಯಲ್ಲಿ ಪ್ರತಿಷ್ಠಾಪಿಸಿದ. ಸೋತವರ ಊರಿನ ದೇವರನ್ನು ಎತ್ತಿ ತಂದು, ಗೆಲ್ಲಿಸಿದೆಯಲ್ಲ ಎಂದು ಅವನಿಗೇ ಕೈಮುಗಿಯುವುದು ಭಕ್ತಿಯೋ, ಸುಲಿಗೆಯೋ? ಆ ಕಾಲದ ಅರಸರಿಗೆ ಎರಡರ ನಡುವಣ ಗೆರೆ ನಮಗೆ ಕಂಡಷ್ಟು ದಪ್ಪವಾಗಿ ಕಂಡಿರಲಿಕ್ಕಿಲ್ಲ. ಉದಯಗಿರಿಯಲ್ಲಿ ಆ ಕೃಷ್ಣನಿಗೆ ದಿನವೂ ದೀಪ ಹಚ್ಚುತ್ತಿದ್ದವರು ಏನೆಂದುಕೊಂಡರೋ, ಅದನ್ನು ಯಾವ ಕಲ್ಲಿನಲ್ಲೂ ಬರೆದಿಲ್ಲ.

ಹಂಪಿಗೆ ಹೋದಾಗ ಆ ಕೃಷ್ಣ ದೇವಾಲಯದ ಪೂರ್ವ ಗೋಪುರವನ್ನು ದಾಟಿ ಒಳಗೆ ಹೋಗಿ, ಹಿಂತಿರುಗಿ ನೋಡಿ. ಗೋಪುರದ ಒಳಮುಖದಲ್ಲಿ ಗಾರೆಯ ಸೈನಿಕರಿದ್ದಾರೆ: ಗುರಾಣಿ ಹಿಡಿದವರು, ಕುದುರೆ ಏರಿದವರು, ಆನೆಗಳ ಮೇಲಿನವರು. ಕೆಲವರ ತಲೆ ಉದುರಿದೆ, ಕೆಲವು ಕುದುರೆಗಳ ಕಾಲು ಮುರಿದಿದೆ. ಗೆಲುವು ದೇವರದು ಎಂದವನ ಗುಡಿಯಲ್ಲಿ, ಕೋಟೆಯ ಕೆಳಗೆ ಒಂದೂವರೆ ವರ್ಷ ಬಿಸಿಲು ಕುಡಿದವರಿಗೂ ಜಾಗ ಸಿಕ್ಕಿದೆ, ಅದೂ ಗರ್ಭಗುಡಿಗೆ ಎದುರಾಗಿ.

ಆ ಗರ್ಭಗುಡಿ ಈಗ ಬರಿದು. ಭಗ್ನಗೊಂಡ ಬಾಲಕೃಷ್ಣ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದ್ದಾನೆ. ರಾಯನೋ, ತಿರುಮಲೆಯ ಗುಡಿಯೊಳಗೆ ಇಬ್ಬರು ರಾಣಿಯರ ನಡುವೆ ಲೋಹದ ಪ್ರತಿಮೆಯಾಗಿ ನಿಂತಿದ್ದಾನೆ. ದರ್ಶನದ ಸಾಲು ಅವನ ಪಕ್ಕದಲ್ಲೇ ಸರಿದುಹೋಗುತ್ತದೆ, ಹೆಚ್ಚಿನವರಿಗೆ ಅವನತ್ತ ತಿರುಗುವಷ್ಟು ವ್ಯವಧಾನವಿರುವುದಿಲ್ಲ. ಜೋಡಿಸಿದ ಕೈಯನ್ನು ಅವನು ಇನ್ನೂ ಇಳಿಸಿಲ್ಲ.

ನಮಸ್ಕಾರ.