ಎಣಿಸಿ ನೋಡಿದ ಜಾನಕಿ ಅಮ್ಮಾಳ್

ಆಕಾಶವಾಣಿ ಕಾರವಾರ ಕೇಂದ್ರದ ಕೇಳುಗರೆಲ್ಲರಿಗೂ ನಮಸ್ಕಾರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಸುಲಿಯುತ್ತಾ ರೇಡಿಯೋ ಹಚ್ಚಿಕೊಂಡಿರುವ ತಾಯಂದಿರೇ, ಮೀನು ಮಾರಿ ಬಂದು ಈಗಷ್ಟೇ ಕುಳಿತಿರುವ ಕರಾವಳಿಯ ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಓದುವ ಹೆಣ್ಣುಮಕ್ಕಳಿದ್ದರೆ ಅವರನ್ನೂ ಸ್ವಲ್ಪ ಹೊತ್ತು ಹತ್ತಿರ ಕೂರಿಸಿಕೊಳ್ಳಿ. ಇ. ಕೆ. ಜಾನಕಿ ಅಮ್ಮಾಳ್ ಎಂಬ ಸಸ್ಯವಿಜ್ಞಾನಿಯ ವಿಷಯ ಹೇಳಲು ಬಂದಿದ್ದೇನೆ. ಹುಟ್ಟಿದ್ದು 1897ರ ನವೆಂಬರ್ 4ರಂದು, ನಮ್ಮದೇ ಅರಬ್ಬಿ ಸಮುದ್ರದ ದಂಡೆಯ ಮೇಲೆ, ಕೇರಳದ ತಲಶ್ಶೇರಿಯಲ್ಲಿ.

ಅವರ ಸಂಶೋಧನೆ, ಅವರ ಅಧ್ಯಾಪನ, ಸರ್ಕಾರದ ವಿಜ್ಞಾನ ನೀತಿಯಲ್ಲಿ ಅವರ ಪಾತ್ರ, ಈ ಮೂರರ ಬಗ್ಗೆಯೂ ಮಾತನಾಡಿ ಎಂದು ನನ್ನನ್ನು ಕೇಳಿದ್ದಾರೆ. ನನ್ನ ದೃಷ್ಟಿಯಲ್ಲಿ ಜಾನಕಿ ಅಮ್ಮಾಳ್ ಜೀವನಪೂರ್ತಿ ಮಾಡಿದ್ದು ಒಂದೇ ಕೆಲಸ. ಎಣಿಸಿದರು. ಗಿಡದ ಒಳಗೆ ಏನಿದೆ ಎಂದು ತಮ್ಮ ಕಣ್ಣಿನಿಂದಲೇ ನೋಡಿ, ಎಣಿಸಿ, ಆಮೇಲೆ ಮಾತನಾಡಿದರು. ಮೊದಲು ಎಣಿಕೆ, ಆಮೇಲೆ ಮಾತು. ಇವತ್ತು ನಾನು ಹೇಳುವುದೆಲ್ಲ ಇಷ್ಟೇ.

ಏನನ್ನು ಎಣಿಸುವುದು? ವರ್ಣತಂತುಗಳನ್ನು. ಪ್ರತಿಯೊಂದು ಜೀವಕೋಶದೊಳಗೂ ಸಣ್ಣ ಎಳೆಗಳಿರುತ್ತವೆ. ಗಿಡದ ಗುಣವೆಲ್ಲ ಅದರಲ್ಲಿಯೇ ಬರೆದಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುರಿದು ಚೆಲ್ಲಿದ ಶ್ಯಾವಿಗೆಯ ಚೂರುಗಳ ಹಾಗೆ ಕಾಣುತ್ತವೆ. ಒಂದೊಂದು ಜಾತಿಯ ಗಿಡಕ್ಕೆ ಒಂದೊಂದು ಸಂಖ್ಯೆ. ಮೆಕ್ಕೆಜೋಳಕ್ಕೆ 20, ಈರುಳ್ಳಿಗೆ 16.

ಈರುಳ್ಳಿ ಎಂದ ಮೇಲೆ ಒಂದು ಪ್ರಸಂಗವನ್ನು ಹೇಳಲೇಬೇಕು. ನಾನು ಈ ಜಿಲ್ಲೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಪ್ರಯೋಗಕ್ಕೆ ಕುಮಟೆಯ ಸಿಹಿ ಈರುಳ್ಳಿಯನ್ನೇ ತರುತ್ತಿದ್ದೆ. ಹಂದಿಗೋಣ, ಅಳ್ವೇಕೋಡಿಯ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ಗೊಂಚಲು ಹೆಣೆದು ತೂಗುಹಾಕಿರುತ್ತಾರಲ್ಲ, ಅದೇ. ನೀರು ತುಂಬಿದ ಲೋಟದ ಬಾಯಿಗೆ ಈರುಳ್ಳಿಯನ್ನು ಬುಡ ತಾಗುವಂತೆ ಇಟ್ಟರೆ ಎರಡು ಮೂರು ದಿನಗಳಲ್ಲಿ ಬಿಳಿಯ ಬೇರು ಇಳಿಯುತ್ತದೆ. ಬೆಳಗಿನ ಹೊತ್ತು ಆ ಬೇರಿನ ತುದಿಯನ್ನು ಮಾತ್ರ ಕತ್ತರಿಸಬೇಕು. ಬೇರು ಬೆಳೆಯುವುದು ತುದಿಯಲ್ಲಿ, ಕೋಶಗಳು ಒಡೆದು ಎರಡಾಗುವುದೂ ಅಲ್ಲಿಯೇ, ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದೂ ಆಗಲೇ. ತುದಿಯನ್ನು ಮದ್ಯಸಾರ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಒಂದು ರಾತ್ರಿ ಇಟ್ಟು, ಮರುದಿನ ಕೆಂಪು ಬಣ್ಣದ ದ್ರಾವಣದಲ್ಲಿ ಹಾಕಿ, ಕುದಿಯದಂತೆ ಬಿಸಿ ಮಾಡಿ, ಗಾಜಿನ ಪಟ್ಟಿಯ ಮೇಲಿಟ್ಟು, ಮೇಲೊಂದು ತೆಳುಗಾಜು ಮುಚ್ಚಿ ಹೆಬ್ಬೆರಳಿನಿಂದ ಒತ್ತಬೇಕು. ಗಾಜು ಜಾರಿತೋ, ಎಲ್ಲ ಕಲಸಿಹೋಯಿತು.

ಒಂದು ವರ್ಷ ಇಡೀ ತರಗತಿ 16 ಎಂದು ಬರೆದು ಪುಸ್ತಕ ಒಪ್ಪಿಸಿತು. ಅಂಕೋಲಾ ಕಡೆಯ ಒಬ್ಬಳು ಹುಡುಗಿ ಮಾತ್ರ ಸೂಕ್ಷ್ಮದರ್ಶಕ ಬಿಟ್ಟು ಏಳಲಿಲ್ಲ. ಹತ್ತಿರ ಹೋದೆ. "ಮೇಡಂ, ನನಗೆ ಹದಿನೈದೇ ಸಿಗುತ್ತಿವೆ" ಎಂದಳು. ಗೆಳತಿಯರು, "ಪುಸ್ತಕದಲ್ಲಿ ಹದಿನಾರು ಎಂದಿದೆಯಲ್ಲೇ, ಬರೆದುಬಿಡು" ಎನ್ನುತ್ತಿದ್ದರು. "ಪುಸ್ತಕದಲ್ಲಿ ಇರಲಿ, ಇಲ್ಲಿ ಇಲ್ಲವಲ್ಲ" ಎಂದಳು. ನಾನೂ ಕಣ್ಣಿಟ್ಟು ನೋಡಿದೆ. ನಿಜ, 15 ಕಾಣುತ್ತಿದ್ದವು. ನಾನು ಏನನ್ನೂ ಹೇಳಲಿಲ್ಲ. ಅವಳು ತಿರುಪನ್ನು ಕೂದಲೆಳೆಯಷ್ಟು ಮೇಲೆ, ಕೂದಲೆಳೆಯಷ್ಟು ಕೆಳಗೆ ತಿರುಗಿಸುತ್ತಾ ಕುಳಿತಳು. ಸಂಜೆಯಾಯಿತು. ಅಟೆಂಡರ್ ಕಿಟಕಿಗಳನ್ನು ಮುಚ್ಚತೊಡಗಿದರು. ಆಗ ಒಮ್ಮೆಲೇ, "ಮೇಡಂ, ಇದು ಒಂದಲ್ಲ, ಎರಡು!" ಎಂದು ಕೂಗಿದಳು. ಒಂದು ಎಳೆಯ ಮೇಲೆ ಇನ್ನೊಂದು ಎಳೆ ಮಲಗಿತ್ತು. ತಿರುಪು ಮೇಲಿದ್ದಾಗ ಒಂದು ಸ್ಪಷ್ಟ, ಕೆಳಗಿಳಿಸಿದಾಗ ಇನ್ನೊಂದು ಸ್ಪಷ್ಟ.

ಅವಳ ತಂದೆ ಕರೆದುಕೊಂಡು ಹೋಗಲು ಬಂದು ಜಗಲಿಯಲ್ಲಿ ಕಾಯುತ್ತಿದ್ದರು. ಬಸ್ಸು ಹೋಗಿಬಿಟ್ಟಿತ್ತು. "ಮೊದಲೇ ಹದಿನಾರು ಎಂದು ಬರೆದಿದ್ದರೆ ಆಗುತ್ತಿರಲಿಲ್ಲವೇ?" ಎಂದು ಕೇಳಿದರು. ಆಗುತ್ತಿರಲಿಲ್ಲ. ರೇಡಿಯೋ ಕೇಳುತ್ತಿರುವ ತಂದೆತಾಯಿಗಳಿಗೂ ಅದನ್ನೇ ಹೇಳುತ್ತೇನೆ, ಆಗುತ್ತಿರಲಿಲ್ಲ. ಪುಸ್ತಕ ನೋಡಿ ಬರೆದ ಹದಿನಾರು ಪುಸ್ತಕದ್ದು. ಅವಳ ಹದಿನಾರು ಅವಳದು. ಅಂಕಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ ಎಂಬುದೇ ನನಗೆ ಇಂದಿಗೂ ಸಂಕಟ.

ಈಗ ಕಬ್ಬಿಗೆ ಬನ್ನಿ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುಡಿದವರು, ತೊಡೆದೇವು ತಿಂದವರು ನೀವು. ಆ ಸಿಹಿಕಬ್ಬಿನ ಮೂಲ ಜಾತಿಯಲ್ಲಿ 80 ವರ್ಣತಂತುಗಳು. ಹೊಳೆದಂಡೆಯಲ್ಲಿ ಹುಲ್ಲಿನಂತೆ ಬೆಳೆಯುವ ಕಾಡುಕಬ್ಬಿನಲ್ಲಿ 40ರಿಂದ 128ರವರೆಗೆ, ಒಂದೊಂದು ಕಡೆ ಒಂದೊಂದು ಸಂಖ್ಯೆ. ಈರುಳ್ಳಿಯ ಹದಿನಾರಕ್ಕೇ ನಮಗೆ ಸಂಜೆಯಾಯಿತು. ಜಾನಕಿ ಅಮ್ಮಾಳ್ 1934ರಿಂದ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಕುಳಿತು ಎಣಿಸಿದ್ದು ಇದನ್ನು. ಕಾಡುಕಬ್ಬಿಗೆ ಸಿಹಿಯಿಲ್ಲ, ಆದರೆ ಗಟ್ಟಿ ಜೀವ. ಸಿಹಿಕಬ್ಬಿಗೆ ರೋಗ ಬೇಗ. ಎರಡನ್ನೂ ಕೂಡಿಸಿದರೆ ನಮ್ಮ ನೆಲಕ್ಕೆ ಒಗ್ಗುವ ಕಬ್ಬು. ಆ ಕೂಡಿಕೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಅವರು ಎಣಿಸಿ ತಿಳಿದರು. ಕಬ್ಬನ್ನು ಮೆಕ್ಕೆಜೋಳದೊಂದಿಗೂ ಕೂಡಿಸಿ ನೋಡಿದರು.

ಅಲ್ಲಿಗೆ ಬರುವ ಮೊದಲು ಅವರು ಅಧ್ಯಾಪಕಿ. ಮನೆಯಲ್ಲಿ ಮದುವೆಯ ಮಾತು ನಡೆದಿದ್ದಾಗ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನವನ್ನು ಆರಿಸಿಕೊಂಡವರು. 1931ರಲ್ಲಿ ಡಾಕ್ಟರೇಟ್ ಪಡೆದರು. ಮದರಾಸಿನ ವುಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ, ತಿರುವನಂತಪುರದಲ್ಲಿ ಪಾಠ ಹೇಳಿದರು. ಹೆಣ್ಣು, ಒಂಟಿ, ಮೇಲಾಗಿ ಹಿಂದುಳಿದ ಜಾತಿ ಎಂದು ಎಣಿಸಲ್ಪಟ್ಟ ತೀಯ ಸಮುದಾಯದವರು. ಕೊಯಮತ್ತೂರಿನಲ್ಲಿ ಅವರ ದಾರಿ ಸುಗಮವಾಗಿರಲಿಲ್ಲ. 1939ರಲ್ಲಿ ಎಡಿನ್‌ಬರೋದ ತಳಿವಿಜ್ಞಾನ ಸಮ್ಮೇಳನಕ್ಕೆ ಹೋದವರು, ಯುದ್ಧ ಶುರುವಾದ್ದರಿಂದ ಇಂಗ್ಲೆಂಡಿನಲ್ಲಿಯೇ ಉಳಿದರು. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ವರ್ಷಗಳಲ್ಲಿಯೂ ಎಣಿಕೆ ನಿಲ್ಲಲಿಲ್ಲ. 1945ರಲ್ಲಿ ಸಿ. ಡಿ. ಡಾರ್ಲಿಂಗ್ಟನ್ ಎಂಬ ತಳಿವಿಜ್ಞಾನಿಯೊಂದಿಗೆ ಸೇರಿ, ಮನುಷ್ಯ ಬೆಳೆಸುವ ಗಿಡಗಳ ವರ್ಣತಂತುಗಳ ಸಂಖ್ಯೆಯನ್ನೆಲ್ಲ ಒಂದೇ ಗ್ರಂಥದಲ್ಲಿ ಕೊಟ್ಟರು. ಆಮೇಲೆ ಇಂಗ್ಲೆಂಡಿನದೇ ವಿಸ್ಲಿಯ ತೋಟದಲ್ಲಿ ಮ್ಯಾಗ್ನೋಲಿಯಾ ಎಂಬ ಹೂಗಿಡಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸುವ ಪ್ರಯೋಗ ನಡೆಸಿದರು. ಅಲ್ಲಿನ ಒಂದು ಮ್ಯಾಗ್ನೋಲಿಯಾ ತಳಿಗೆ ಇವತ್ತಿಗೂ ಅವರದೇ ಹೆಸರಿದೆ.

ಸಮಯ ಓಡುತ್ತಿದೆ, ನೀತಿಯ ಮಾತನ್ನು ಬೇಗ ಹೇಳುತ್ತೇನೆ. 1951ರಲ್ಲಿ ಪ್ರಧಾನಿ ನೆಹರೂ ಜಾನಕಿ ಅಮ್ಮಾಳರನ್ನು ದೇಶಕ್ಕೆ ಕರೆದರು. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 1890ರಲ್ಲಿಯೇ ಹುಟ್ಟಿದ್ದು, ಆದರೆ ಆ ಹೊತ್ತಿಗೆ ಸೊರಗಿತ್ತು. ಅದನ್ನು ಹೊಸದಾಗಿ ಕಟ್ಟುವ ಹೊಣೆ ಇವರ ಮೇಲೆ ಬಂತು. ನಮ್ಮ ಕಾಡಿನ ಗಿಡಗಳ ಒಣಮಾದರಿಗಳೆಲ್ಲ ವಿದೇಶದ ಸಂಗ್ರಹಾಲಯಗಳಲ್ಲಿದ್ದರೆ ನಮ್ಮ ಮಕ್ಕಳು ಕಲಿಯುವುದು ಎಲ್ಲಿ ಎಂಬುದು ಅವರ ಪ್ರಶ್ನೆ. ನಮ್ಮ ಜಿಲ್ಲೆಗೂ ಈ ಪ್ರಶ್ನೆ ಸಲ್ಲುತ್ತದೆ. ಇಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಟಾಲ್ಬೋಟ್, ಬೆಲ್ ಎಂಬ ಬ್ರಿಟಿಷರು ನಮ್ಮ ಗಿಡಗಳನ್ನು ಸಂಗ್ರಹಿಸಿದವರು. ಬೆಲ್ ಸಂಗ್ರಹವನ್ನು ನೋಡಬೇಕಾದರೆ ಇಂದಿಗೂ ಮುಂಬೈಗೆ ಹೋಗಬೇಕು. ಪುನರ್ರಚನೆಯ ನಂತರ, 1955-56ರ ಹೊತ್ತಿಗೆ ಕೊಯಮತ್ತೂರು, ಪುಣೆ, ಶಿಲ್ಲಾಂಗ್, ಡೆಹ್ರಾಡೂನ್‌ಗಳಲ್ಲಿ ಪ್ರಾದೇಶಿಕ ಕೇಂದ್ರಗಳು ತೆರೆದವು. ಆದರೆ ಸಂಸ್ಥೆಯ ಮುಖ್ಯಸ್ಥರಾದವರು ಯುರೋಪಿನಿಂದ ಬಂದ ಪಾದ್ರಿ ಸಾಂತಾಪೌ. ಅವರು ದೊಡ್ಡ ವಿದ್ವಾಂಸರೇ, ಆದರೂ ಈ ನೇಮಕ ಜಾನಕಿ ಅಮ್ಮಾಳರನ್ನು ಬಹಳ ನೋಯಿಸಿತು. ನನಗೂ ಅದು ನ್ಯಾಯ ಎನಿಸುವುದಿಲ್ಲ.

ಎಲ್ಲವನ್ನೂ ಯಾರೋ ಎಣಿಸಿ ಮುಗಿಸಿದ್ದಾರೆ ಎಂದು ದಯವಿಟ್ಟು ಭಾವಿಸಬೇಡಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಎಂಬ ಕಾಡಿನಲ್ಲಿ, ರಾಮಪತ್ರೆ ಮರಗಳು ಬೆಳೆಯುವ ಜಡ್ಡಿಯ, ಅಂದರೆ ಜೌಗುನೆಲದ, ಕೆಸರಿನಲ್ಲಿ ನಿಂತಿರುವ ಗೇರಿನ ಬಳಗದ ಒಂದು ದೊಡ್ಡ ಮರಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದು 2000ದಲ್ಲಿ. ಆ ಹೆಸರಿನಲ್ಲಿಯೇ ಕತ್ತಲೆಕಾನು ಇದೆ. ನಮ್ಮ ಹಿತ್ತಲಿನ ಮರ ಅಷ್ಟು ವರ್ಷ ಕಾಯಬೇಕಾಯಿತು.

1970ರ ದಶಕದ ಕೊನೆ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆ. ಜಾನಕಿ ಅಮ್ಮಾಳರಿಗೆ ಆಗ 80 ದಾಟಿದೆ, 1977ರಲ್ಲಿ ಪದ್ಮಶ್ರೀ ಬಂದಿದೆ. ಹೇಳಿಕೆ ಕೊಟ್ಟು ಮನೆಯಲ್ಲಿ ಕೂರಬಹುದಿತ್ತು. ಅವರು ಕೈಗೆತ್ತಿಕೊಂಡದ್ದು ಆ ಕಾಡಿನ ಮರಗಳ ವರ್ಣತಂತುಗಳ ಸಮೀಕ್ಷೆ! ಮುಳುಗುವುದು ಏನು ಎಂದು ತಿಳಿಯದೆ ಮುಳುಗಿಸುವುದು ಹೇಗೆ? ಅದೇ ಸುಮಾರಿಗೆ ನಮ್ಮಲ್ಲಿಯೂ ಬೇಡ್ತಿ ಹೊಳೆಯ ಅಣೆಕಟ್ಟು ಯೋಜನೆಯ ವಿಷಯದಲ್ಲಿ ಶಿರಸಿಯಲ್ಲಿ ತೋಟಿಗರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಲಾಭನಷ್ಟದ ಲೆಕ್ಕ ಹಾಕಿದರು. ಹಿರಿಯರಿಗೆ ನೆನಪಿರುತ್ತದೆ. ಎರಡೂ ಅಣೆಕಟ್ಟು ಯೋಜನೆಗಳನ್ನು ಆಗ ಕೈಬಿಡಲಾಯಿತು. ಜಾನಕಿ ಅಮ್ಮಾಳ್ 1984ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು.

ಪ್ರೌಢಶಾಲೆಯ ಶಿಕ್ಷಕರಲ್ಲಿ ಒಂದು ಕೋರಿಕೆ. ನಿಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕ ಬೀರುವಿನೊಳಗೆ ಬೀಗ ಹಾಕಿಕೊಂಡು ಕುಳಿತಿದ್ದರೆ, ಈ ವಾರವೇ ಹೊರಗೆ ತೆಗೆಯಿರಿ. ಇಲ್ಲದಿದ್ದರೆ ಹತ್ತಿರದ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಮೊದಲೇ ತಿಳಿಸಿ ಮಕ್ಕಳನ್ನು ಕರೆದುಕೊಂಡು ಹೋಗಿ. ಈರುಳ್ಳಿಯ ಬೇರಿಗೆ ಮೂರು ದಿನ ಬೇಕು, ಅದನ್ನು ಲೆಕ್ಕ ಹಾಕಿ ನೀರಿಗೆ ಇಡಿ. ನಮಸ್ಕಾರ.